ತುಟಿಯ ಮೇಲಿನ ಊರುಗಳು

ಬೆಂಗಳೂರು
5 ಆಗಸ್ಟ್ 2024

ಪ್ರೀತಿಯ ಅಣ್ಣಯ್ಯನಿಗೆ, ಸಣ್ಣಿಯ ನಮಸ್ಕಾರಗಳು.

ಕಾಗದ ಕಂಡು ಗಾಬರಿ ಬೀಳಬೇಡಿ, ಕೆಟ್ಟ ಸುದ್ದಿ ಏನೂ ಇಲ್ಲ. ಯುಗಾದಿಯಿಂದ ಈಚೆಗೆ ನಿಮಗೆ ಹದಿನಾಲ್ಕು ಸಲ ಫೋನು ಮಾಡಿದೆ. ಒಮ್ಮೆ ಮಾತ್ರ ಎತ್ತಿದಿರಿ, "ಆಮೇಲೆ ಮಾತಾಡುವ" ಎಂದು ಇಟ್ಟುಬಿಟ್ಟಿರಿ. ಆ ಆಮೇಲೆ ಇನ್ನೂ ಬಂದಿಲ್ಲ. ಹುಚ್ಚಮ್ಮತ್ತಿಗೆಗೆ ಮಾಡಿದರೆ "ನಿಮ್ಮಣ್ಣ ಅಂಗಡೀಲವ್ರೆ" ಅನ್ನುತ್ತಾರೆ. ಭಾನುವಾರವೂ ಅಂಗಡಿಯೇ? ಎಲ್ಲರೂ ರೆಡಿಮೇಡ್ ಹಾಕುವ ಈ ಕಾಲದಲ್ಲಿ ಕುಶಾಲನಗರದಲ್ಲಿ ಅಷ್ಟೊಂದು ಬಟ್ಟೆ ಹೊಲಿಸುವವರು ಯಾರಪ್ಪ?

ಸಿಟ್ಟಿದ್ದರೆ ನೇರವಾಗಿ ಬರೆಯಿರಿ. ನಾಟಕ ಬಿಟ್ಟು ಟೀವಿಗೆ ಹೋದಳು ಎಂದೇ? ಅದಕ್ಕೆ ಎಂಟು ವರ್ಷವಾಯಿತು. ಅಷ್ಟು ಹಳೆಯ ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಇಟ್ಟುಕೊಳ್ಳುವ ಮನುಷ್ಯ ನೀವಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಏಳೂವರೆಯ ಧಾರಾವಾಹಿಯಲ್ಲಿ ನನ್ನ ಅತ್ತೆ ಪಾತ್ರಕ್ಕೆ ಎಂಟುನೂರು ಕಂತು ತುಂಬಿತು. ರೇಷ್ಮೆ ಸೀರೆಯಲ್ಲೇ ಅಡುಗೆ ಮಾಡುತ್ತೇನೆ, ರೇಷ್ಮೆ ಸೀರೆಯಲ್ಲೇ ಮಲಗುತ್ತೇನೆ, ನಡುವೆ ಬಿಡುವಾದರೆ ಸೊಸೆಯನ್ನು ಅಳಿಸುತ್ತೇನೆ. ಮೊನ್ನೆ ತರಕಾರಿ ಕೊಳ್ಳುವಾಗ ಒಬ್ಬ ಅಜ್ಜಿ "ಆ ಮಗೀಗೆ ಅಷ್ಟು ಕಾಟ ಕೊಡ್ತೀಯಲ್ಲ, ನಿನ್ ನಾಲಗೆ ಸೇದೋಗ" ಎಂದು ಶಾಪ ಹಾಕಿ, ಕೊನೆಗೆ ಒಂದು ಫೋಟೊ ತೆಗೆಸಿಕೊಂಡು ಹೋದರು.

ಒಂದು ಕೊರತೆ ಮಾತ್ರ ಉಂಟು. ನಾಟಕ ಮುಗಿದಾಗ ಎಲ್ಲರೂ ನನ್ನನ್ನು ಸುತ್ತಿಕೊಂಡು ಹೊಗಳುತ್ತಿದ್ದರು. ನೀವು ಮಾತ್ರ ಮರೆತ ಸಾಲು ಹೇಳಿಕೊಡುವ ಪ್ರಾಂಪ್ಟಿಂಗ್ ಪುಸ್ತಕ ಮಡಿಚಿಕೊಂಡು ಸೈಡ್‌ವಿಂಗಿನಿಂದ ಬಂದು "ಸಣ್ಣಿ, ಊಟ ಆಯ್ತಾ?" ಎಂದಷ್ಟೇ ಕೇಳುತ್ತಿದ್ದಿರಿ. ನನಗೆ ಆಗ ಹದಿನೇಳು. ಈಗ ಐವತ್ತೆರಡು. ಆ ಮಾತನ್ನು ಹಾಗೆ ಕೇಳಿದವರು ಆಮೇಲೆ ಯಾರೂ ಇಲ್ಲ.

ನಿಮ್ಮ
ಸಣ್ಣಿ

*

ಕುಶಾಲನಗರ
14 ಆಗಸ್ಟ್ 2024

ಖ್ಯಾತ ಕಲಾವಿದೆ ಶ್ರೀಮತಿ ಆಶಾರಾಣಿಯವರಿಗೆ ಟೈಲರ್ ರೇವಣ್ಣನ ನಮಸ್ಕಾರ.

ಹೀಗೊಮ್ಮೆ ಬರೆದರೆ ಹೇಗಿರುತ್ತದೆ ಎಂದು ಬರೆದು ನೋಡಿದೆ. ಕರಪತ್ರಕ್ಕೆ ಸಣ್ಣಿ ಎಂಬ ಹೆಸರು ಸಣ್ಣದಾಯಿತೆಂದು ಆಶಾರಾಣಿ ಎಂದು ಸೇರಿಸಿದವನೇ ನಾನಲ್ಲವೇ.

ಸಿಟ್ಟೂ ಇಲ್ಲ, ಸೆಡವೂ ಇಲ್ಲ. ಮಿಷನ್ನು ತುಳಿಯುವಾಗ ಫೋನಿನ ರಿಂಗು ತಿಳಿಯುವುದಿಲ್ಲ, ಅಷ್ಟೇ. ಕೆಲಸವೂ ಉಂಟು. ಶ್ರೀಮಂಗಲದ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಒಂಬತ್ತು ರಾಜರ ಡ್ರೆಸ್ಸು ಹೊಲಿಯುತ್ತಿದ್ದೇನೆ. ಪ್ರಜೆಗಳು ಮನೆಯ ಬಟ್ಟೆಯಲ್ಲೇ ಬರುತ್ತಾರಂತೆ. ಇನ್ನು ಮೇಲೆ ಹೇಳುವುದಿದ್ದರೆ ಕಾಗದವನ್ನೇ ಬರೆ. ನಿನ್ನ ಅಕ್ಷರ ಈಗಲೂ ಕೋಳಿ ಕೆದರಿದ ಹಾಗೇ ಇದೆ, ಆದರೂ ಓದಲು ಸುಖ.

ಈಗ ಮುಖ್ಯ ವಿಷಯ. ಡಿಸೆಂಬರಿಗೆ ನಮ್ಮ ನಾಟಕ ಸಂಘಕ್ಕೆ ಐವತ್ತು ತುಂಬುತ್ತದೆ. ಹದಿನೈದನೇ ತಾರೀಕು ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ನಾಟಕ. ತೀರಿಹೋದ ಚಂದ್ರು ಮೇಷ್ಟ್ರು ಬರೆದ 'ಕಡವಿನ ಕೆಂಚಮ್ಮ'ನನ್ನೇ ಆಡುವುದೆಂದು ತೀರ್ಮಾನವಾಗಿದೆ. ಸೇತುವೆ ಇಲ್ಲದ ಕಾಲದಲ್ಲಿ ಕಾವೇರಿ ದಾಟಿಸುತ್ತಿದ್ದ ದೋಣಿಯವಳು ನೀನಲ್ಲದೆ ಇನ್ಯಾರು? ನೀನು ಕೆಂಚಮ್ಮ, ನಾನು ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದ ರೇವಣ್ಣ. ನನಗೂ ಅರವತ್ತೆಂಟಾಯಿತು. ಇದೊಂದು ಸಲ ಆಗಲಿ ಎಂದು ಆಸೆ. ಇಲ್ಲ ಅನ್ನಬೇಡ.

ರೇವಣ್ಣ

*

ಬೆಂಗಳೂರು
2 ಸೆಪ್ಟೆಂಬರ್ 2024

ಅಣ್ಣಯ್ಯನಿಗೆ ನಮಸ್ಕಾರ.

ಸಂಘಕ್ಕೆ ಐವತ್ತು ಎಂದು ಓದಿ ತುಂಬ ಸಂತೋಷವಾಯಿತು. ಆದರೆ ಡಿಸೆಂಬರಿನಲ್ಲಿ ಡೇಟ್ಸ್ ಬಹಳ ಕಷ್ಟ. ಸೊಸೆಯ ಸೀಮಂತದ ಕಂತುಗಳಿವೆ, ಅತ್ತೆ ಇಲ್ಲದೆ ಸೀಮಂತ ನಡೆಯುವುದಿಲ್ಲ. ಮಂಡಿ ನೋವೂ ಇದೆ, ಎರಡು ಗಂಟೆ ದೋಣಿಯಲ್ಲಿ ನಿಂತು ಹುಟ್ಟು ಹಾಕಲು ಆಗಲಿಕ್ಕಿಲ್ಲ. ಬೇರೆ ಯಾರಾದರೂ ಎಳೆಯವರಿಗೆ ಕೊಡಿ. ನಾನು ಖಂಡಿತ ಒಂದು ಶುಭಾಶಯದ ವಿಡಿಯೊ ಕಳಿಸುತ್ತೇನೆ.

ಅತ್ತಿಗೆಯನ್ನು ಕೇಳಿದೆನೆಂದು ಹೇಳಿ.

ಇಂತಿ,
ಆಶಾರಾಣಿ

*

ಕುಶಾಲನಗರ
27 ಸೆಪ್ಟೆಂಬರ್ 2024

ಸಣ್ಣಿಗೆ,

ನಿನ್ನ ಕಾಗದಕ್ಕೆ ಕೂಡಲೇ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಬೈಗುಳವೇ ಇರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೀಮಂತ ಸೊಸೆಗಂತೆ, ಮಂಡಿ ನೋವು ಅತ್ತೆಗಂತೆ! ಕೆಳಗೆ ಆಶಾರಾಣಿ ಎಂದು ಸಹಿ ಬೇರೆ. ದೊಡ್ಡವಳಾದೆ, ಊರಿನ ಸ್ಟೇಜು ಚಿಕ್ಕದಾಯಿತು ಎಂದುಕೊಂಡು ಸುಮ್ಮನಾದೆ. ಸಂಘದವರಿಗೆ "ಅವಳು ಬರಲ್ಲ ಕಣ್ರಪ್ಪ" ಎಂದು ಹೇಳಲು ಮಾತ್ರ ಬಾಯಿ ಬರಲಿಲ್ಲ.

ಆದರೆ ಮೊನ್ನೆ ಮಂಗಳವಾರದ ಕಂತು ನೋಡಿದ ಮೇಲೆ ಸಿಟ್ಟೆಲ್ಲ ಇಳಿದುಹೋಯಿತು. ಸೊಸೆ ಕಾಲಿಗೆ ಬೀಳುತ್ತಾಳೆ, ನೀನು ಅವಳ ತಲೆಯ ಮೇಲೆ ಕೈಯಿಟ್ಟು ಹೇಳುತ್ತೀ: "ಕುಶಾಲನಗರ, ಗುಡ್ಡೆಹೊಸೂರು, ಸುಂಟಿಕೊಪ್ಪ, ಬೋಯಿಕೇರಿ, ಮಡಿಕೇರಿ." ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಿನ್ನ ಅಪ್ಪ ಕೃಷ್ಣಪ್ಪ ಸಂಪಾಜೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಕೂಗುತ್ತಿದ್ದರಲ್ಲ, ಥೇಟು ಅದೇ. ಸಂಘಕ್ಕೆ ಬಂದ ಮೊದಲ ದಿನ ಏನಾದರೂ ಹೇಳು ಎಂದರೆ ನೀನು ಹೇಳಿದ್ದೂ ಅದನ್ನೇ. ಟೀವಿಯವರನ್ನು ಒಪ್ಪಿಸಿ ನಮ್ಮೂರಿನ ಹೆಸರುಗಳನ್ನು ಆಶೀರ್ವಾದದಲ್ಲಿ ಸೇರಿಸಿದ್ದೀಯಲ್ಲ, ಊರು ಮರೆತವಳು ಮಾಡುವ ಕೆಲಸವೇ ಇದು?

ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಒಬ್ಬರಾದರೂ ಗಮನಿಸಿಲ್ಲ. ಈಗಿನವರು ಟೀವಿ ಹಾಕಿಕೊಂಡು ಮೊಬೈಲು ನೋಡುತ್ತಾರೆ. ಹುಚ್ಚಮ್ಮನಿಗೂ ಹೇಳಿದೆ. ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ರೇವಣ್ಣ

*

ಬೆಂಗಳೂರು
3 ಅಕ್ಟೋಬರ್ 2024

ಅಣ್ಣಯ್ಯ,

ನಿಮ್ಮ ಕಾಗದವನ್ನು ಮೇಕಪ್ ಕುರ್ಚಿಯಲ್ಲಿ ಕೂತು ಓದಿದೆ. ಮೊದಲು ಜೋರಾಗಿ ನಕ್ಕೆ. ಆಮೇಲೆ ನಗು ನಿಂತಿತು. ಮೇಕಪ್ಪಿನವಳು "ಮೇಡಂ, ಕಣ್ಣು ಒರೆಸ್ಕೊಬೇಡಿ, ಕಾಡಿಗೆ ಹರಡತ್ತೆ" ಎಂದಳು.

ಆ ಊರುಗಳ ಹೆಸರು ಟೀವಿಯಲ್ಲಿ ಬಂದೇ ಇಲ್ಲ. ಇಡೀ ಕರ್ನಾಟಕಕ್ಕೆ ಕೇಳಿಸಿದ್ದು "ದೀರ್ಘಸುಮಂಗಲಿಯಾಗಿ ಬಾಳು ತಾಯಿ, ಈ ಮನೆಯ ಬೆಳಕು ನೀನು" ಎಂಬ ಮಾತು. ನಾವು ಆಡಿದ್ದನ್ನು ತೆಗೆದು ಹಾಕಿ ಆಮೇಲೆ ಸ್ಟುಡಿಯೊದಲ್ಲಿ ಬೇರೆಯಾಗಿ ಮಾತು ಸೇರಿಸುತ್ತಾರೆ. ಶೂಟಿಂಗಿನ ದಿನ ನನ್ನ ತುಟಿ ಏನು ಹೇಳಿತೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ತುಟಿಯನ್ನೇ ನೋಡಿದವರಿಗೆ ಮಾತ್ರ ಗೊತ್ತಾಗಬೇಕು. ನೀವು ಕಂಡದ್ದನ್ನು ಕೇಳಿದೆ ಎಂದುಕೊಂಡಿರಿ.

ಮೊದಲು ನನ್ನ ಕಳ್ಳತನ ಹೇಳಿಬಿಡುತ್ತೇನೆ. ಸೆಟ್ಟಿನಲ್ಲಿ ಕ್ಯಾಮರಾ ಹಿಂದೆ ನಿಂತವರು ಒಂದೊಂದೇ ಸಾಲು ಹೇಳುತ್ತಾರೆ, ನಾವು ಕೋಳಿ ಕಾಳು ಹೆಕ್ಕಿದ ಹಾಗೆ ಹೆಕ್ಕಿ ಹೇಳುತ್ತೇವೆ. ಬಾಯಿಪಾಠ ಮಾಡುವ ಅಭ್ಯಾಸ ಎಂಟು ವರ್ಷದಲ್ಲಿ ತುಕ್ಕು ಹಿಡಿಯಿತು. ಒಂದು ಸಾಲು ತಪ್ಪಿದರೆ ತಲೆಯೊಳಗೆ ಬರೀ ಬಿಳಿ ಗೋಡೆ. ಆಗ ಬಾಯಿ ಆಡಿಸಬೇಕಲ್ಲ, ಅಪ್ಪನ ಬಸ್ಸು ಹತ್ತುತ್ತೇನೆ. ನಾನು ಮರೆಯದ ಸಾಲು ಅದೊಂದೇ.

ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಒಂದು ನಾಟಕ ಒಪ್ಪಿಕೊಂಡಿದ್ದೆ. ಅರ್ಧದಲ್ಲಿ ನಿಂತುಹೋಯಿತು, ಕಲಾವಿದೆಗೆ ಅನಾರೋಗ್ಯ ಎಂದು ಪೇಪರಿನಲ್ಲಿ ಬಂತು. ನೀವೂ ಓದಿರಬೇಕು. ಅನಾರೋಗ್ಯ ಏನೂ ಇರಲಿಲ್ಲ ಅಣ್ಣಯ್ಯ. ಒಂದು ನಿಮಿಷ ಬಾಯಿ ತೆರೆದುಕೊಂಡು ನಿಂತಿದ್ದೆ, ಪರದೆ ಬಿಟ್ಟರು. ಅವತ್ತಿನಿಂದ ಸ್ಟೇಜು ಎಂದರೆ ಕಾಲು ನಡುಗುತ್ತದೆ. ನಿಮ್ಮ ಸ್ಟೇಜು ನನಗೆ ಚಿಕ್ಕದಾಗಲಿಲ್ಲ, ನಾನೇ ಅದಕ್ಕೆ ಸಾಲದವಳಾದೆ. ಅದನ್ನು ನಿಮಗೆ ಹೇಳಲಾಗದೆ ಮಂಡಿ ನೋವೆಂದು ಬರೆದೆ.

ಈಗ ನೀವು ಹೇಳಿ. ಕಿವಿ ಯಾವಾಗಿನಿಂದ ಕೇಳಿಸುತ್ತಿಲ್ಲ?

ಸಣ್ಣಿ

*

ಕುಶಾಲನಗರ
21 ಅಕ್ಟೋಬರ್ 2024

ಸಣ್ಣೀ,

ಎರಡು ವಾರ ಈ ಕಾಗದವನ್ನು ಬರೆದೆ, ಹರಿದೆ. ಕಳ್ಳ ಸಿಕ್ಕಿಬಿದ್ದ ಮೇಲೆ ಏನು ಮುಚ್ಚುಮರೆ.

ಎಡಗಿವಿ ಹೋಗಿ ಮೂರು ವರ್ಷ. ಯುಗಾದಿಯ ಸುಮಾರಿಗೆ ಬಲದ್ದೂ ಹೋಯಿತು. ಡಾಕ್ಟರು ಕಿವಿಗೆ ಒಂದು ಮಿಷನ್ನು ಕೊಟ್ಟಿದ್ದಾರೆ. ಹಾಕಿದರೆ ತಗಡಿನ ಮೇಲೆ ಅಡಕೆ ಸುರಿದ ಹಾಗೆ ಸದ್ದು, ಮಾತು ಮಾತ್ರ ಇಲ್ಲ. ಅಂಗಡಿಯಲ್ಲಿ ಅಳತೆ ಟೇಪು ನೋಡಿ ಕೆಲಸ ನಡೆಯುತ್ತದೆ, ಗಿರಾಕಿಯ ತುಟಿ ನೋಡಿ ಮಾತು ನಡೆಯುತ್ತದೆ. ನಿನ್ನ ತುಟಿ ಓದುವುದಂತೂ ನನಗೆ ಹೊಸದಲ್ಲ. ಸೈಡ್‌ವಿಂಗಿನಲ್ಲಿ ನಿಂತು ಅದನ್ನೇ ಅಲ್ಲವೇ ವರ್ಷಗಟ್ಟಲೆ ಓದಿದ್ದು.

ಸಂಘದವರಿಗೆ ಹೇಳಿಲ್ಲ. ಹೇಳಿದರೆ ಪುಸ್ತಕ ಇನ್ನೊಬ್ಬರ ಕೈಗೆ ಹೋಗುತ್ತದೆ. ಆಟಗಾರ ಎಲ್ಲಿ ತಡವರಿಸಿದ ಎಂದು ಕೇಳಿಸದ ಪ್ರಾಂಪ್ಟರ್ ಯಾರಿಗೆ ಬೇಕು? ನಲವತ್ತನಾಲ್ಕು ವರ್ಷ ಕತ್ತಲೆಯಲ್ಲಿ ಕೂತವನು, ಇದೊಂದು ನಾಟಕ ನಿನಗೆ ಹೇಳಿಕೊಟ್ಟು ಪುಸ್ತಕ ಮಡಿಚೋಣ ಎಂದಿದ್ದೆ. ನೀನು ಬಂದರೆ ಒಂದು ಸಾಲೂ ಮರೆಯುವುದಿಲ್ಲ, ಹಾಗಾಗಿ ನನ್ನ ಕಿವುಡು ಯಾರಿಗೂ ತಿಳಿಯುವುದಿಲ್ಲ ಎಂಬ ಲೆಕ್ಕಾಚಾರ. ಈಗ ನೋಡು, ಮರೆಯುವವಳಿಗೆ ಕೇಳಿಸದವನು ಜೋಡಿ. ಚೆನ್ನಾಗಿದೆ ನಮ್ಮ ಸಂಸಾರ!

ಮೈಸೂರಿನ ವಿಷಯ ಆಗಲೇ ಹೇಳಬೇಕಿತ್ತು ನೀನು. ಓದಿ ಬಹಳ ಸಂಕಟವಾಯಿತು.

ರೇವಣ್ಣ

(ಕೆಳಗೆ, ಬೇರೆ ಕೈಬರಹದಲ್ಲಿ)

ಸಣ್ಣಿ, ನಾನು ನಿಮ್ಮತ್ತಿಗೆ ಬರೀತಿರೋದು. ಟಪಾಲಿಗೆ ಹಾಕು ಅಂತ ನನ್ ಕೈಗೆ ಕೊಟ್ರು, ಓದ್ಬುಟ್ಟೆ, ತಪ್ಪು ತಿಳ್ಕಬ್ಯಾಡ. ಕಿವಿ ಕೇಳ್ದಿರೋದು ದೊಡ್ಡ ವಿಷ್ಯ ಅಲ್ಲ. ಪಿಸುಗುಡ್ತಾ ಇವ್ನಿ ಅಂದ್ಕೊಂಡು ಅರಚ್ತಾರಲ್ಲ, ಅದು ತಡಕಳಕ್ಕಾಗಲ್ಲ. ಮೊನ್ನೆ ಪಕ್ಕದ್ಮನೆ ಮುದ್ದಿ ಬಂದಿದ್ಲು. ಇವ್ರು ನನ್ ಕಿವೀಲಿ "ಇವ್ಳು ಯಾವಾಗ ಎದ್ದೋಗ್ತಾಳೆ" ಅಂದ್ರು. ಅವ್ಳು ಆಗ್ಲೇ ಎದ್ದೋದ್ಲು. ನೀನು ಬಾ ಸಣ್ಣಿ. ನೀನ್ ಬರ್ದೇ ಇದ್ರೆ ಈ ಮನುಷ್ಯ ಆ ಪುಸ್ತಕನ ದಿಂಬಿನ ಕೆಳಗೇ ಇಟ್ಕೊಂಡು ಕೊರಗ್ತಾರೆ.

*

ಬೆಂಗಳೂರು
28 ಅಕ್ಟೋಬರ್ 2024

ಪ್ರೀತಿಯ ಅಣ್ಣಯ್ಯ, ಅತ್ತಿಗೆ,

ನಾನು ಬರುತ್ತೇನೆ. ಒಂದು ಷರತ್ತು ಉಂಟು: ಪ್ರಾಂಪ್ಟಿಂಗ್ ಅಣ್ಣಯ್ಯನೇ ಮಾಡಬೇಕು. ಬೇರೆಯವರು ಪುಸ್ತಕ ಹಿಡಿದರೆ ನಾನು ಸ್ಟೇಜು ಹತ್ತುವುದಿಲ್ಲ.

ಕೇಳಿಸದೆ ಹೇಗೆ ಎನ್ನುತ್ತೀರಿ. ನನಗೆ ಬೇಕಾದದ್ದು ನಿಮ್ಮ ಬಾಯಿ, ಕಿವಿಯಲ್ಲ. ಸೈಡ್‌ವಿಂಗಿನಿಂದ ನನ್ನ ಮುಖ ಪೂರ್ತಿ ಕಾಣುವುದಿಲ್ಲ, ನಿಜ. ಹಾಗಾದರೆ ಅಲ್ಲಿ ಕೂರಬೇಡಿ. ಕೆಂಚಮ್ಮನ ದೋಣಿಯಲ್ಲಿ ಕಂಬಳಿ ಹೊದ್ದುಕೊಂಡು ಒಬ್ಬ ಪ್ರಯಾಣಿಕ ಮೊದಲಿನಿಂದ ಕೊನೆತನಕ ಕೂತಿರುತ್ತಾನಲ್ಲ, ಅವನಿಗೆ ಒಂದು ಮಾತೂ ಇಲ್ಲ. ಹಿಂದೆ ಆ ಪಾತ್ರಕ್ಕೆ ಪೊನ್ನಪ್ಪನವರು ಬರುತ್ತಿದ್ದರು, ಎರಡನೇ ದೃಶ್ಯಕ್ಕೆ ಗೊರಕೆ ಹೊಡೆಯುತ್ತಿದ್ದರು. ಈ ಸಲ ನೀವು ಕೂರಿ. ನನಗೆ ಎದುರಾಗಿ, ಜನಕ್ಕೆ ಬೆನ್ನು ಹಾಕಿ. ಮಡಿಲಲ್ಲಿ ಪುಸ್ತಕ, ಮೇಲೆ ಕಂಬಳಿ. ನನ್ನ ತುಟಿಯಲ್ಲಿ ಬಸ್ಸು ಹೊರಟದ್ದು ಕಂಡ ಕೂಡಲೇ ಸಾಲು ಕೊಡಿ.

ಧಾರಾವಾಹಿಯವರ ಹತ್ತಿರ ಜಗಳ ಮಾಡಿ ಒಂದು ವಾರ ರಜೆ ತೆಗೆದುಕೊಂಡೆ. ಅತ್ತೆಯನ್ನು ಕಾಶಿಗೆ ಕಳಿಸುತ್ತಿದ್ದಾರೆ. ಸೀಮಂತ ಮುಂದೆ ಹೋಯಿತು. ಪಾಪ, ಆ ಹುಡುಗಿ ಹನ್ನೊಂದು ತಿಂಗಳ ಬಸುರಿ.

ಸಣ್ಣಿ

*

ಕುಶಾಲನಗರ
9 ನವೆಂಬರ್ 2024

ಸಣ್ಣಿಗೆ ಆಶೀರ್ವಾದ.

ಸಂಘದವರ ಮುಂದೆ ಎಲ್ಲ ಹೇಳಿಬಿಟ್ಟೆ. ಪುಸ್ತಕ ಕಿತ್ತುಕೊಳ್ಳುತ್ತಾರೆ ಎಂದು ಅದನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದೆ. ಪೊನ್ನಪ್ಪನವರು ಎದ್ದು ಬಂದು ಹೆಗಲ ಮೇಲೆ ಕೈ ಹಾಕಿ, ತುಟಿ ಕಾಣುವ ಹಾಗೆ ನಿಧಾನವಾಗಿ ಅಂದರು: "ನಮಗೆಲ್ಲ ಗೊತ್ತುಂಟು ಮಾರಾಯ. ನಮಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲ ಅಂತ ಸುಮ್ಮನಿದ್ದದ್ದು."

ಆದರೆ ನನ್ನ ಹೆದರಿಕೆ ಬೇರೆ. ನಾನು ಜನರ ಮುಂದೆ ಬಂದವನೇ ಅಲ್ಲ. ಬೆನ್ನು ಹಾಕಿ ಕೂತರೂ ಬೆನ್ನೂ ನನ್ನದೇ ತಾನೇ, ಅದೂ ನಡುಗುತ್ತದೆ. ಕಂಬಳಿಗೆ ಒಳಗಿನಿಂದ ಪುಸ್ತಕದ ಜೇಬು ಹೊಲಿದಿದ್ದೇನೆ. ದಿನಾ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ಹುಚ್ಚಮ್ಮನನ್ನು ಎದುರು ಕೂರಿಸಿಕೊಂಡು ಪಿಸುಮಾತಿನ ಅಭ್ಯಾಸ ಮಾಡುತ್ತೇನೆ. ಅವಳು ಕೈ ಕೆಳಗೆ ಮಾಡಿದರೆ ಜೋರಾಯಿತು ಎಂದು ಅರ್ಥ. ಅವಳ ಕೈ ಮೇಲೆ ಹೋದದ್ದೇ ಇಲ್ಲ.

ಡಿಸೆಂಬರ್ ಎಂಟಕ್ಕೇ ಬಂದುಬಿಡು. ಒಂದು ವಾರ ಇಲ್ಲೇ ಊಟ, ಇಲ್ಲೇ ಪಾಠ.

ರೇವಣ್ಣ

*

ಕುಶಾಲನಗರ
16 ಡಿಸೆಂಬರ್ 2024

ಸಣ್ಣಿ,

ನನ್ನನ್ನು ಕ್ಷಮಿಸಿಬಿಡು. ನಿನ್ನ ನಾಟಕ ಕೆಡಿಸಿದೆ.

ಒಂದು ವಾರ ಎಷ್ಟು ಚೆನ್ನಾಗಿ ಕಲಿತಿದ್ದೆ ನೀನು. ನಿನ್ನೆ ಮೊದಲ ದೃಶ್ಯದಲ್ಲಿ ಒಂದು ಅಕ್ಷರ ತಪ್ಪಲಿಲ್ಲ. ನಾನು ಪುಸ್ತಕ ನೋಡುವುದನ್ನೇ ಬಿಟ್ಟು ನಿನ್ನ ಮುಖ ನೋಡುತ್ತಾ ಕೂತೆ. ಕೊನೆಯ ದೃಶ್ಯದಲ್ಲಿ, "ಎಲ್ಲರನ್ನೂ ದಾಟಿಸಿದೆ" ಎಂದ ಮೇಲೆ ನಿನ್ನ ಕೈಯಲ್ಲಿ ಹುಟ್ಟು ನಿಂತಿತು. ತುಟಿ ಮೆಲ್ಲಗೆ ಅಲುಗಿತು: ಕುಶಾಲನಗರ, ಗುಡ್ಡೆಹೊಸೂರು. ನಾನು ಕೂಡಲೇ ಸಾಲು ಕೊಟ್ಟೆ. ಮೆಲ್ಲಗೇ ಕೊಟ್ಟೆ ಎಂದುಕೊಂಡೆ. ಆದರೆ ನಿನ್ನ ಕಣ್ಣು ಅರಳಿತು, ಸೈಡ್‌ವಿಂಗಿನ ಹುಡುಗಿಯರು ಬಾಯಿ ಮುಚ್ಚಿಕೊಂಡರು. ಆಗ ತಿಳಿಯಿತು, ಅರಚಿದ್ದೇನೆ. ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡವನು ಪರದೆ ಬಿದ್ದ ಮೇಲೇ ತೆಗೆದದ್ದು. ತೆಗೆದವನೇ ಹಿಂದಿನ ಬಾಗಿಲಿನಿಂದ ಹೊಳೆ ಕಡೆಗೆ ನಡೆದುಬಿಟ್ಟೆ. ನಿನ್ನ ಕಾರು ಹೊರಟ ಮೇಲೆ ಮನೆಗೆ ಬಂದೆ. ನಿನಗೆ ಮುಖ ತೋರಿಸಲು ಧೈರ್ಯ ಬರಲಿಲ್ಲ.

ಚಪ್ಪಾಳೆ ಬಿತ್ತೆಂದು ಹುಚ್ಚಮ್ಮ ಕೈ ತಟ್ಟಿ ತೋರಿಸಿದಳು. ಹೆಂಡತಿಯಾದವಳು ಇನ್ನೇನು ತೋರಿಸಿಯಾಳು? ಪುಸ್ತಕವನ್ನು ಸಂಘಕ್ಕೆ ಕೊಟ್ಟು ಬಂದೆ. ನಾಟಕ ಮುಗಿದ ಮೇಲೆ ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಅದೂ ಆಗಲಿಲ್ಲ.

ರೇವಣ್ಣ

*

ಬೆಂಗಳೂರು
20 ಡಿಸೆಂಬರ್ 2024

ನನ್ನ ಪ್ರೀತಿಯ ಅಣ್ಣಯ್ಯ,

ನಾನು ನಿಮಗಾಗಿ ಗ್ರೀನ್‌ರೂಮಿನಲ್ಲಿ ಒಂದು ಗಂಟೆ ಕಾದೆ. ಸೋಮವಾರ ಬೆಳಿಗ್ಗೆ ಶೂಟಿಂಗ್ ಇತ್ತು, ಅಳುತ್ತಲೇ ಕಾರು ಹತ್ತಿದೆ. ಬೈಯಬೇಕೆಂದು ಕೂತೆ, ಆಗುತ್ತಿಲ್ಲ. ಅವತ್ತು ನೀವು ಕಂಬಳಿಯೊಳಗೆ ಇದ್ದುದರಿಂದ ನಿಮಗೆ ಕಾಣದ್ದನ್ನೂ ಕೇಳದ್ದನ್ನೂ ಬರೆಯುತ್ತೇನೆ. ನಿಧಾನವಾಗಿ ಓದಿ.

ನೀವು ಮೆಲ್ಲಗೆ ಹೇಳಲಿಲ್ಲ, ನಿಜ. ಬೈಚನಹಳ್ಳಿವರೆಗೆ ಕೇಳಿಸಿರಬೇಕು. ಇಡೀ ನಾಟಕದಲ್ಲಿ ಬಾಯಿ ಬಿಡದ ಪ್ರಯಾಣಿಕ ಇದ್ದಕ್ಕಿದ್ದ ಹಾಗೆ ಕೂಗಿದ: "ನನ್ನನ್ನು ದಾಟಿಸುವವರು ಯಾರು?" ಅದು ಕೆಂಚಮ್ಮನ ಮಾತೆಂದು ಜನಕ್ಕೆ ಹೇಗೆ ಗೊತ್ತಾಗಬೇಕು? ಹಾಲ್ ಪೂರ್ತಿ ಮುಂದಕ್ಕೆ ಬಾಗಿತು. ಒಂದು ಮಗು ಸಹ ಅಳಲಿಲ್ಲ. ನಿಮ್ಮ ದನಿ ಒಡೆದಿತ್ತು ಅಣ್ಣಯ್ಯ. ಅಂಥ ದನಿಯನ್ನು ನಾನು ಯಾವ ನಟನಲ್ಲೂ ಕೇಳಿಲ್ಲ.

ನನಗೆ ಮುಂದಿನ ಸಾಲು ಒಂದೂ ನೆನಪಿರಲಿಲ್ಲ. ಬಸ್ಸೂ ಬರಲಿಲ್ಲ. ಹುಟ್ಟನ್ನು ನೀರಿಗೆ ಇಳಿಸಿ, ಚಂದ್ರು ಮೇಷ್ಟ್ರು ಬರೆಯದ ಒಂದು ಸಾಲು ಹೇಳಿದೆ: "ನಾನಿದೀನಲ್ಲ ಅಣ್ಣಯ್ಯ. ಅಲುಗಾಡ್ದೆ ಕೂತ್ಕೊ, ದಾಟಿಸ್ತೀನಿ." ಪುಸ್ತಕದಲ್ಲಿಲ್ಲದ, ಯಾರೂ ಹೇಳಿಕೊಡದ ಮಾತನ್ನು ಎಂಟು ವರ್ಷದಲ್ಲಿ ನಾನು ಆಡಿದ್ದು ಅದೇ ಮೊದಲು. ಕಾಲು ನಡುಗಲಿಲ್ಲ.

ಪರದೆ ಬಿದ್ದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ. ಮೊದಲು ಹಿಂದಿನ ಸಾಲಿನಲ್ಲಿ ಶುರುವಾಯಿತು, ಆಮೇಲೆ ಎಲ್ಲ ಕಡೆ. ಹೆಬ್ಬಾಲೆಯ ಕಡೆಯಿಂದ ಬಂದಿದ್ದ ಹೆಂಗಸರು ಮೂಗು ಸೀಟುತ್ತಿದ್ದ ಸದ್ದು ಸ್ಟೇಜಿನವರೆಗೂ ಬರುತ್ತಿತ್ತು. "ಆ ಕಂಬಳಿಯವರು ಯಾರು, ಹೊರಗೆ ಕರೀರಿ" ಎಂದು ಯಾರೋ ಕೂಗುತ್ತಲೇ ಇದ್ದರು. ಪೊನ್ನಪ್ಪನವರು "ನಾನು ಇಪ್ಪತ್ತು ವರ್ಷ ಆ ದೋಣಿಯಲ್ಲಿ ಕೂತೆ, ನನಗೆ ಒಂದು ಚಪ್ಪಾಳೆ ಬೀಳಲಿಲ್ಲವಲ್ಲ" ಎಂದು ಗೊಣಗಿದರು. ಅತ್ತಿಗೆ ಸುಳ್ಳು ಹೇಳಿಲ್ಲ. ಪುಸ್ತಕ ವಾಪಸ್ ತನ್ನಿ.

ಹೊಸ ವರ್ಷಕ್ಕೆ ಮುಂಚಿನ ಮಂಗಳವಾರ, ಮೂವತ್ತೊಂದಕ್ಕೆ, ಏಳೂವರೆಗೆ ಟೀವಿ ಮುಂದೆ ಕೂರಿ. ಕಾಶಿಯಿಂದ ಬಂದ ಅತ್ತೆ ಬಾಗಿಲಲ್ಲಿ ನಿಂತು ಸೊಸೆಯನ್ನು ಹರಸುತ್ತಾಳೆ. ಎಲ್ಲರಿಗೂ ಕೇಳಿಸುವುದು ಸ್ಟುಡಿಯೊದಲ್ಲಿ ಸೇರಿಸಿದ ಆಶೀರ್ವಾದ. ಶೂಟಿಂಗಿನಲ್ಲಿ ನಾನು ಬೇರೆಯೇ ಹೇಳಿದ್ದೇನೆ, ಬೇಕೆಂದೇ ಹೇಳಿದ್ದೇನೆ. ಅದು ನಿಮಗೊಬ್ಬರಿಗೇ. ತುಟಿ ನೋಡಿ.

ಸಣ್ಣಿ

*

(ಅಂಚೆ ಕಾರ್ಡು)

ಕುಶಾಲನಗರ
1 ಜನವರಿ 2025

ಸಣ್ಣಿ,

ನಿನ್ನೆ ಏಳೂವರೆಗೆ ನೋಡಿದೆ. ಹುಚ್ಚಮ್ಮನಿಗೆ "ನೂರ್ಕಾಲ ಬಾಳು ಮಗಳೇ" ಎಂದು ಕೇಳಿಸಿತಂತೆ. ನನಗೆ ಕಂಡದ್ದಕ್ಕೆ ಈ ಉತ್ತರ:

ಆಯ್ತಮ್ಮ. ಮುದ್ದೆ, ಅವರೆಕಾಳಿನ ಸಾರು. ನಿಂದು ಊಟ ಆಯ್ತಾ?

ರೇವಣ್ಣ